ಜೋಕಾಲಿ ಟೊಂಗೆ ಮತ್ತು ನನ್ನ ಟ್ರ್ಯಾಕ್ಟರು

ಕೆಲವರಿಗೆ ಕುದುರೆಯ ಆಸೆ, ಕೆಲವರಿಗೆ ಕುರ್ಚಿಯ ಆಸೆ. ಇವೆರಡೂ ಒಂದರಲ್ಲೇ ಸಿಗುವ ವಸ್ತು ಟ್ರ್ಯಾಕ್ಟರು ಎಂಬುದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಗಂಡಸು ಒಂದು ವಸ್ತುವಿನ ಮೇಲೆ ಮನಸ್ಸು ಇಟ್ಟನೆಂದರೆ ಅದು ಯಾಕೆ ಬೇಕು ಎಂಬ ಕಾರಣವನ್ನು ಆಮೇಲೆ ಹುಡುಕುತ್ತಾನೆ. ನಾನಂತೂ ಇಂಡಿ ತಾಲೂಕಿನ ಕೋರ್ಟಿನಲ್ಲಿ ವಕೀಲ. ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು. ಭೂಮಿ ಹದವಾಗುತ್ತದೆ, ಕರಿಕೆ ಹುಲ್ಲು ಸಾಯುತ್ತದೆ, ದೇಶ ಮುಂದುವರಿಯುತ್ತದೆ ಎಂದೆಲ್ಲ ಮನೆಯಲ್ಲಿ ವಾದ ಹೂಡಿದೆ. ನಿಮ್ಮ ಹತ್ತಿರ ಮಾತ್ರ ನಿಜ ಹೇಳುತ್ತೇನೆ: ನನಗೆ ಅದರ ಮೇಲೆ ಕೂತುಕೊಳ್ಳಬೇಕಾಗಿತ್ತು. ಎತ್ತರದ ಆ ಕಬ್ಬಿಣದ ಆಸನದಲ್ಲಿ ಕೂತು, ಎರಡೂ ಕೈಯಲ್ಲಿ ಚಕ್ರ ಹಿಡಿದು, ಗಂಭೀರವಾಗಿ ಹಿಂದಕ್ಕೆ ತಿರುಗಿ ನೇಗಿಲು ನೋಡುವುದು. ಇಷ್ಟೇ ನನ್ನ ಕೃಷಿಜ್ಞಾನ.

ನಮ್ಮದು ಸಿಂದಗಿಯ ದಾರಿಯಲ್ಲಿ ಊರ ಹೊರಗಿರುವ ಸಣ್ಣ ತೋಟ. ಸುತ್ತ ಕಣ್ಣು ಹಾಯುವಷ್ಟೂ ಎರೆಭೂಮಿ, ಬಿಳಿಜೋಳ. ನಡುವೆ ನಮ್ಮದೊಂದು ಲಿಂಬೆ, ಬೇವು, ಹುಣಸೆ, ಜಾಲಿಗಳ ಗದ್ದಲ. ನಮ್ಮಜ್ಜನಿಗೆ ಗಿಡ ಹಚ್ಚುವುದು ಗೊತ್ತಿತ್ತು, ಕಡಿಯುವುದು ಗೊತ್ತಿರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಹತ್ತು ಗಿಡ ಒಟ್ಟಿಗೆ ನಿಂತರೆ ಅದಕ್ಕೆ ಅಡವಿ ಎನ್ನುತ್ತಾರೆ. ಹೀಗಾಗಿ ಅದು 'ವಕೀಲರ ಅಡವಿ'. ಅಲ್ಲಿ ಉಳುಮೆ ಮಾಡುತ್ತಿದ್ದದ್ದು ಪಕ್ಕದ ಹೊಲದ ಹುಸೇನಸಾಬರ ಎತ್ತುಗಳು. ಅದಕ್ಕೆ ಮುಯ್ಯಿಯಾಗಿ ನಾನು ಅವರ ಹೊಲದ ಗಡಿಯ ಬಾಂದಿನ ತಕರಾರನ್ನು ಕೋರ್ಟಿನಲ್ಲಿ ನಡೆಸಿಕೊಡುತ್ತಿದ್ದೆ. ಆ ತಕರಾರು ಎಂದೂ ಮುಗಿಯದಂತೆ ನೋಡಿಕೊಂಡವನೂ ನಾನೇ ಎಂದು ನನ್ನ ಹೆಂಡತಿ ಶಾಂತವ್ವನ ಗುಮಾನಿ. ಹುಸೇನಸಾಬರದೇನೂ ತಪ್ಪಿಲ್ಲ. ತಮ್ಮ ಹೊಲ ಮುಗಿಸಿ ನನ್ನ ಅಡವಿಗೆ ಬರುವಷ್ಟರಲ್ಲಿ ಹದ ಆರಿ, ಕರಿಕೆ ಲಿಂಬೆಯ ಬುಡ ಹತ್ತಿ ಕೂತಿರುತ್ತಿತ್ತು.

ಶಾಂತವ್ವ ಟ್ರ್ಯಾಕ್ಟರಿಗೆ ಬೇಡ ಅನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದಳು. ತೋಟದ ಬಾಯಿಯಲ್ಲೇ ಒಂದು ಹಳೆಯ ಬೇವಿನಗಿಡ ಇದೆ. ಅದರ ಒಂದು ದಪ್ಪ ಟೊಂಗೆ ಬುಡದ ಹತ್ತಿರ ಎತ್ತರವಾಗಿದ್ದು, ತುದಿಗೆ ಬರುತ್ತ ಬಂಡಿದಾರಿಯ ಮೇಲೆ ಬಾಗಿದೆ. ನಾಗರಪಂಚಮಿಗೆ ಅದಕ್ಕೇ ಜೋಕಾಲಿ. ಶಾಂತವ್ವ ಮದುವೆಯಾಗಿ ಬಂದ ವರ್ಷ, ಪಂಚಮಿಗೆ ಆಲಮೇಲದ ತವರಿಗೆ ಹೊರಟವಳನ್ನು ಹಳ್ಳ ಬಂದು ತಡೆದಿತ್ತು. ಆಲಮೇಲದ ದಾರಿ ನೋಡುತ್ತ ಅಳುತ್ತ ಕೂತ ಸೊಸೆಗೆ ನಮ್ಮವ್ವ ಆ ಟೊಂಗೆಗೆ ಹಗ್ಗ ಹಾಕಿಸಿ ಕೊಟ್ಟಳು. ಈ ಮನೆಗೆ ಬಂದು ಅವಳು ಮೊದಲ ಸಲ ನಕ್ಕದ್ದು ಆ ಜೋಕಾಲಿಯ ಮೇಲೆ. ಅದನ್ನು ನೋಡಿದವನು ನಾನು, ನನಗೂ ಆ ಟೊಂಗೆಯ ಮೇಲೆ ಪ್ರೀತಿಯಿಲ್ಲವೆಂದಲ್ಲ.

"ಟ್ರ್ಯಾಕ್ಟರ್ ತರ್ರಿ, ಯಾರ ಬ್ಯಾಡ ಅಂತಾರ? ಆದ್ರ ಆ ಟೊಂಗಿಗೆ ಕೊಡ್ಲಿ ತಾಕಿತಂದ್ರ ನಾ ಆಲಮೇಲಕ್ಕ ಹೋಗಾಕಿ ನೋಡ್ರಿ," ಅಂದಳು.

ವಕೀಲನಾದವನು ಷರತ್ತಿಗೆ ಹೆದರಬಾರದು. ನಾನು ಒಂದು ಬಿದಿರುಕೋಲು ತಂದು, ದಾರಿಯ ಮೇಲೆ ಟೊಂಗೆ ಬಾಗಿದ ಕಡೆ ಅದರ ಎತ್ತರ ಅಳೆದು ಕುಂಕುಮದ ಗುರುತು ಹಾಕಿದೆ. ಇನ್ನೊಂದು ಬಿದಿರಿನಲ್ಲಿ ಲಿಂಬೆಗಿಡಗಳ ನಡುವಿನ ಸಂದು ಅಳೆದೆ. ಎರಡನ್ನೂ ಹೆಗಲ ಮೇಲಿಟ್ಟುಕೊಂಡು ವಿಜಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಕರಿ ಕೋಟು ನೋಡಿದ, ಬಿದಿರು ನೋಡಿದ, "ಸಾಹೇಬ್ರ, ಇವಕ್ಕ ಫುಲ್ ಟಿಕೀಟು ಹರೀಲ್ಯೋ, ಹಾಫ್ ಹರೀಲ್ಯೋ?" ಅಂದ. ಬಸ್ಸಿನ ಜನರೆಲ್ಲ ನಕ್ಕರು. ನಗಲಿ, ಅಳತೆಯಿಲ್ಲದೆ ವ್ಯಾಪಾರಕ್ಕೆ ಹೋಗುವವರು ಅವರು, ನಾನಲ್ಲ ಎಂದುಕೊಂಡೆ.

ಜೊತೆಗೆ ಮಾವನವರೂ ಇದ್ದರು. ಆಲಮೇಲದ ಸಿದ್ರಾಮಪ್ಪ ಎಂದರೆ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಎತ್ತಿನ ಪಾರಖಿ ಎಂದು ಹೆಸರು. ಅವರು ಸುಳಿ ನೋಡಿ ಬೇಡ ಅಂದ ಎತ್ತನ್ನು ದನದ ಸಂತೆಯಲ್ಲಿ ಮತ್ತೊಬ್ಬರು ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಹೊಲಕ್ಕೆ ದುಡಿಯುವ ಜೀವ ತರುವಾಗ ಹಿರಿಯರ ಕಣ್ಣಿಗೆ ಹಾಕದೆ ತರುವ ರೂಢಿಯಿಲ್ಲ. ಟ್ರ್ಯಾಕ್ಟರು ಜೀವವೋ ಅಲ್ಲವೋ ಎಂಬ ಪ್ರಶ್ನೆಯನ್ನು ನಾವಿಬ್ಬರೂ ಎತ್ತಲಿಲ್ಲ.

ಅಂಗಡಿಯಲ್ಲಿ ದೊಡ್ಡವು, ಸಣ್ಣವು ಸಾಲಾಗಿ ನಿಂತಿದ್ದವು. ನಾನು ಸೈನ್ಯಕ್ಕೆ ಆಳು ಆರಿಸುವವನ ಹಾಗೆ ಒಂದೊಂದರ ಪಕ್ಕಕ್ಕೂ ಬಿದಿರು ನಿಲ್ಲಿಸಿ ನೋಡುತ್ತ ಹೋದೆ. ದೊಡ್ಡವೆಲ್ಲ ನಪಾಸು. ಕೊನೆಯಲ್ಲಿ ಮೂಲೆಗೆ ಕೆಂಪು ಬಣ್ಣದ ಒಂದು ಗಿಡ್ಡ ಟ್ರ್ಯಾಕ್ಟರು. ಅದರ ಹೊಗೆಕೊಳವೆಯ ತುದಿ ಕುಂಕುಮದ ಗುರುತಿಗಿಂತ ಒಂದು ಗೇಣು ಕೆಳಗೆ. ಅಗಲವೂ ಸರಿಯಾಗಿ ಸಂದಿಗೆ ಕೂಡುವಂಥದ್ದು. ನನಗೆ ಕೇಸು ಗೆದ್ದಷ್ಟು ಹಿಗ್ಗು. ಮಾವನವರು ಅದನ್ನು ಒಂದು ಸುತ್ತು ಹಾಕಿದರು. ಹಣೆಯ ಮೇಲೆ ಕೈಯಾಡಿಸಿದರು. ಬೆನ್ನ ಹಿಂದೆ ಹೋಗಿ "ಹೋ" ಎಂದು ಒಮ್ಮೆಲೆ ಕೂಗಿದರು. ಅದು ಬೆದರಲಿಲ್ಲ, ಅಂಗಡಿಯವ ಬೆದರಿದ. "ಬಾಲ ಇಲ್ಲಲ್ರೀ, ನೊಣ ಕುಂತ್ರ ಏನ ಮಾಡ್ತೈತಿ?" ಎಂದು ಅವನನ್ನೇ ಕೇಳಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಸಂತೆಯ ಪದ್ಧತಿಯಂತೆ ಬೆರಳು ಹಿಡಿದು ಧಾರಣೆ ಕೇಳಿದರು. ವಿಜಾಪುರಕ್ಕೆ ಹೊಸಬನಾದ ಆ ಮನುಷ್ಯ ಬಹಳ ಹೊತ್ತು ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತು, ಕೊನೆಗೆ ನಮಗೆ ಚಹಾ ತರಿಸಿದ.

ಹೊರಡುವ ಮುಂಚೆ ಮಾವನವರು ಕೇಳಿದರು: "ಅಳಿಯಾರ, ಇದನ್ನ ಹೂಡಾವ್ರು ಯಾರ್ರಿ?"

"ನಾನ ರಿ, ಮಾವಾರ," ಅಂದೆ ಎದೆ ಉಬ್ಬಿಸಿ.

ಅವರು ನನ್ನ ಕರಿ ಟೋಪಿಯಿಂದ ಬೂಟಿನವರೆಗೆ ನೋಡಿದರು. ಆಸನವನ್ನು ನೋಡಿದರು. ಮತ್ತೆ ಟೋಪಿ ನೋಡಿದರು. ಬಾಯಿ ತೆರೆದರು. ಆಮೇಲೆ ಆ ಬಾಯಿಗೆ ಎಲೆಯಡಿಕೆ ಹಾಕಿಕೊಂಡು, "ಛಲೋ ಐತ್ರಿ," ಅಂದರು.

ಟ್ರ್ಯಾಕ್ಟರು ಮನೆಗೆ ಬಂತು. ಶಾಂತವ್ವ ಹೊಸ ಎತ್ತಿಗೆ ಮಾಡುವಂತೆ ಗಾಲಿಗಳಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಆರತಿ ಎತ್ತಿದಳು. ಅಂಗಡಿಯ ಮಿಸ್ತ್ರಿಯೊಬ್ಬ ಕಲಿಸಲು ಬಂದಿದ್ದ. ತೋಟದ ಹೊರಗಿನ ಕಣದಲ್ಲಿ ನನ್ನ ಪಾಠ. ಬದುವಿನ ಮೇಲೆ ಶಾಂತವ್ವ ಲಿಂಬೆಹಣ್ಣು ಆರಿಸುತ್ತ ಕೂಡುತ್ತಿದ್ದಳು. ಮಿಸ್ತ್ರಿ ನನಗೆ ಹೇಳಿದ್ದನ್ನೆಲ್ಲ ಅವಳೂ ಕೇಳುತ್ತಿದ್ದಳು. ವ್ಯತ್ಯಾಸವೆಂದರೆ ಅವಳಿಗೆ ನೆನಪಿರುತ್ತಿತ್ತು. "ಎಡಗಾಲ ತುಳೀರಿ! ಎಡಗಾಲ! ಅದು ಬಲಗಾಲ್ರೀ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಆದರೂ ಕಣದಲ್ಲಿ ನಾನು ರಾಜ. ಇಂಡಿ ಕೋರ್ಟಿನ ನನ್ನ ಸ್ನೇಹಿತ ವಕೀಲರು ರವಿವಾರ ಬಂದು ನೋಡಿ ಹೊಟ್ಟೆಕಿಚ್ಚುಪಟ್ಟು ಹೋದರು. ಆ ರವಿವಾರದ ಸುಖ ಈಗಲೂ ನೆನಪಾಗುತ್ತದೆ.

ಮಿಸ್ತ್ರಿ ಊರಿಗೆ ಹೋದ. ಮೊದಲ ಮಳೆಯಾಗಿ ಹದ ಬಂತು. ಹುಸೇನಸಾಬರು, ಮಾವನವರು, ಇನ್ನಷ್ಟು ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ನಾನು ಟೋಪಿ ಸರಿ ಮಾಡಿಕೊಂಡು ತೋಟದ ಕಡೆ ತಿರುಗಿಸಿದೆ. ಬೇವಿಗಿಂತ ಮೊದಲು, ದಾರಿಯ ಅಂಚಿಗೆ, ಒಂದು ಲಿಂಬೆಗಿಡ. ಅದು ನನ್ನ ಟೋಪಿ ತೆಗೆದುಕೊಂಡಿತು. ಎರಡನೆಯದು ಹಣೆಯ ಮೇಲೆ ಮುಳ್ಳಿನಿಂದ ಮೂರು ಗೀರು ಎಳೆಯಿತು, ವಿಭೂತಿಯ ಹಾಗೆ. ಕಣ್ಣು ಉಜ್ಜಿಕೊಂಡು ನೋಡುತ್ತೇನೆ, ಜೋಕಾಲಿ ಟೊಂಗೆ ನೆಟ್ಟಗೆ ನನ್ನ ಮೂಗಿನ ಮುಂದೆ! ಕಾಲಡಿ ಸಿಕ್ಕ ಪೆಡಲುಗಳನ್ನೆಲ್ಲ ಒಟ್ಟಿಗೆ ತುಳಿದೆ. ಟ್ರ್ಯಾಕ್ಟರು ಕೆಮ್ಮಿ ನಿಂತಿತು. ಹೊಗೆಕೊಳವೆ ಟೊಂಗೆಯ ಕೆಳಗೆ ಲೆಕ್ಕದಂತೆ ಗೇಣು ಜಾಗ ಬಿಟ್ಟು ಹಾದುಹೋಗಿತ್ತು. ಲೆಕ್ಕದಲ್ಲಿ ಬಿಟ್ಟುಹೋಗಿದ್ದವನು ನಾನೊಬ್ಬನೇ. ಊರಿನಲ್ಲಿ ನನಗಿಂತ ಉದ್ದ ಇರುವುದು ಜೋಳದ ದಂಟು ಮಾತ್ರ ಎಂಬ ಮಾತಿದೆ. ಹೊಗೆಕೊಳವೆಯೇ ಟ್ರ್ಯಾಕ್ಟರಿನ ತುದಿ ಎಂದುಕೊಂಡಿದ್ದೆ. ಅದರ ಮೇಲೆ ನಾನು ಕೂತಾಗ ತುದಿ ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ.

ಬದುವಿನ ಮೇಲೆ ಎಲ್ಲರೂ ನಗು ಹಿಡಿದುಕೊಂಡಿದ್ದರೆಂದು ಕಾಣುತ್ತದೆ. ಮಾನ ಹೋಗುತ್ತಿತ್ತು, ಮನುಷ್ಯನಿಗೆ ಬುದ್ಧಿ ಕೆಡುವುದು ಆಗಲೇ. "ಹುಸೇನಸಾಬ್ರ, ಒಂದೀಟು ಕೊಡ್ಲಿ ತರ್ರಿ," ಅಂದೆ. ಅವರು ನೆಲ ನೋಡಿದರು. ಶಾಂತವ್ವ ಎದ್ದು ಬಂದು ಟ್ರ್ಯಾಕ್ಟರಿನ ಮುಂದೆ ನಿಂತಳು. ಅವಳ ಮುಖ ಕಂಡು, ಆಲಮೇಲದ ಬಸ್ಸು ಎಷ್ಟಕ್ಕೆ ಎಂದು ನಾನು ಮನಸ್ಸಿನಲ್ಲೇ ನೆನೆಯತೊಡಗಿದೆ. ಅವಳು ಟೊಂಗೆ ನೋಡಿದಳು, ನನ್ನನ್ನು ನೋಡಿದಳು.

"ಟೊಂಗಿ ಯಾಕ ಕಡೀತೀರಿ?" ಅಂದಳು. "ನೀವ ಇಳೀರಲಾ."

ಇಳಿದೆ. ಸೆರಗು ಸೊಂಟಕ್ಕೆ ಬಿಗಿದು ಅವಳು ಹತ್ತಿದಳು. ಶಾಂತವ್ವ ನನ್ನ ಭುಜಕ್ಕೂ ಬರುವುದಿಲ್ಲ. ಎಡಗಾಲು ತುಳಿಯುವ ಕಡೆ ಎಡಗಾಲನ್ನೇ ತುಳಿದಳು. ಟ್ರ್ಯಾಕ್ಟರು ಟೊಂಗೆಯ ಕೆಳಗೆ ಸಲೀಸಾಗಿ ಹಾದು, ಅಡವಿಯೊಳಗೆ ಹೊಕ್ಕು, ಲಿಂಬೆಯ ಒಂದು ಎಲೆಯನ್ನೂ ಉದುರಿಸದೆ ಆ ಕಡೆಯಿಂದ ತಿರುಗಿ ಬಂತು. ಹುಸೇನಸಾಬರು, "ಅಕ್ಕಾರ ಕೈ ನೆಟ್ಟಗ ಐತಿ ಬಿಡ್ರಿ, ಸಾಲು ಎಳೆದಂಗ ಐತಿ," ಅಂದರು. ನಾನು ಲಿಂಬೆಗಿಡದಿಂದ ಟೋಪಿ ಬಿಡಿಸಿಕೊಳ್ಳುತ್ತಿದ್ದೆ.

ಆ ಸಂಜೆ ಮಾವನವರನ್ನು ಕೇಳಿದೆ: "ಅವತ್ತ ಅಂಗಡ್ಯಾಗ ನಿಮಗ ಗೊತ್ತಾಗಿತ್ತಲ್ರೀ? ಯಾಕ ಹೇಳಲಿಲ್ಲ?"

"ಎತ್ತಿನ ಐಬು ಆಗಿದ್ರ ಹೇಳತಿದ್ದೆ," ಅಂದರು ಅವರು. "ಅಳಿಯಂದು ಹೆಂಗ ಹೇಳೂದ್ರೀ?"

ಈಗ ಊರೂರಿನವರು ಸಣ್ಣ ಟ್ರ್ಯಾಕ್ಟರು ಆರಿಸುವ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬರುತ್ತಾರೆ. ಮೊನ್ನೆ ಗೊಳಸಂಗಿಯಿಂದ ಒಬ್ಬರು ಬಂದಿದ್ದರು. ನಾನು ಗಂಭೀರವಾಗಿ ಅದೇ ಬಿದಿರು ಹೊರಗೆ ತಂದು, "ಟ್ರ್ಯಾಕ್ಟರ್ ಆಮ್ಯಾಲ. ಮೊದಲ ನೀವು ಇದರ ಬಾಜೂಕ ನಿಂದರ್ರಿ," ಅಂದೆ. ಅವರು ನಿಂತರು. ಇನ್ನೂ ಒಂದೆರಡು ಒಳ್ಳೆಯ ಮಾತು ಹೇಳುವವನಿದ್ದೆ. ಅಷ್ಟರಲ್ಲಿ ತೋಟದೊಳಗಿಂದ ಟ್ರ್ಯಾಕ್ಟರಿನ ಸದ್ದಿನ ಮೇಲೆ ಸದ್ದಾಗಿ ಶಾಂತವ್ವನ ಕೂಗು ಬಂತು: "ಏನ್ರೀ, ಹೊಸಾ ಚಿಗುರು ಅಡ್ಡ ಬಂದಾವು! ಎತ್ತಿ ಹಿಡೀಲಿಕ್ಕ ಬರ್ರಿ!" ಬಂದವರ ಕೈಗೆ ನನ್ನ ಟೋಪಿ ಕೊಟ್ಟು, ಅವರ ಪಕ್ಕದ ಬಿದಿರು ಕಿತ್ತುಕೊಂಡು, ಚಿಗುರು ಎತ್ತಿ ಹಿಡಿಯುತ್ತ ಟ್ರ್ಯಾಕ್ಟರಿನ ಮುಂದೆ ಓಡುವುದಕ್ಕೆ ಹೋದೆ.