ಪಾತ್ರೆ ವಾಪಸು ಕೊಡದ ಹುಡುಗ

ನೋರ್ಬಿ ಊರಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವರ ಮನೆಗೆ ಊಟ ಹೋಗುತ್ತದೆ. ಊಟ ಹೋದ ಪಾತ್ರೆ ತಿರುಗಿ ಬರುತ್ತದೆ, ಬರುವಾಗ ಖಾಲಿ ಬರುವುದಿಲ್ಲ. ಯಾರ ಪಾತ್ರೆ ಎಂದು ತಿಳಿಯಲು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಪಾತ್ರೆ ತಿರುಗಿ ಬರದಿದ್ದರೆ ಕೇಳುವಂತಿಲ್ಲ. ಕೊಡದಿರುವುದು ಬರೀ ಮರೆವು, ಕೇಳುವುದು ಮಾತ್ರ ಅಪ್ಪಟ ಮರ್ಯಾದೆಗೇಡಿತನ.

ಓರ್ವಿಲ್ ನೆಸ್ ನಾಲ್ಕು ವರ್ಷ ನೆಮ್ಮದಿಯಾಗಿ ಬದುಕಿದ್ದು ಈ ಎರಡನೆಯ ನಿಯಮದ ನೆರಳಿನಲ್ಲಿ.

ನಾಲ್ಕು ವರ್ಷದ ಹಿಂದೆ ಆರ್ಲಿಸ್ ಸ್ಕೋಗನ್ ಅಜ್ಜಿಗೆ ಸೊಂಟದ ಆಪರೇಷನ್ ಆಗಿತ್ತು. ಓರ್ವಿಲ್‌ನ ಹೆಂಡತಿ ಲವೋನ್ ತನ್ನ ತಾಯಿಯ ಕಾಲದ, ಅಂಚಿಗೆ ನೀಲಿ ಹೂವಿದ್ದ ಗಾಜಿನ ಪಾತ್ರೆಯಲ್ಲಿ ಮಾಂಸ, ಆಲೂಗಡ್ಡೆ, ಚೀಸ್ ಹಾಕಿ ಹಾಟ್‌ಡಿಶ್ ಬೇಯಿಸಿ ಕಳಿಸಿದಳು. ವಾರದ ಮೇಲೆ, ಜೂನ್ ಮೊದಲಿಗೆ, ಆರ್ಲಿಸ್‌ಳ ಮೊಮ್ಮಗ ಟ್ಯಾನರ್ ಪಾತ್ರೆಯನ್ನು ಪಳಪಳ ತೊಳೆದು, ಆರು ಶುಂಠಿ ಬಿಸ್ಕತ್ತು ಇಟ್ಟು, ಶಾಲೆಯ ಮುಂದೆ ಓರ್ವಿಲ್‌ನ ಕೈಗೆ ಕೊಟ್ಟ. ಓರ್ವಿಲ್ ಆಗ ಶಾಲಾ ಬಸ್ಸಿನ ಡ್ರೈವರು. ಕೀಲಿ ಹುಡುಕಲು ಪಾತ್ರೆಯನ್ನು ತನ್ನ ಪಿಕಪ್ ಗಾಡಿಯ ಟಾಪಿನ ಮೇಲಿಟ್ಟ. ಕೀಲಿ ಸಿಗುವಷ್ಟರಲ್ಲಿ ಆರೂ ಬಿಸ್ಕತ್ತು ಹೊಟ್ಟೆ ಸೇರಿದ್ದವು. ಪಾತ್ರೆ ಮಾತ್ರ ಟಾಪಿನ ಮೇಲೇ ಉಳಿಯಿತು. ರೈಲುಹಳಿ ದಾಟುವಾಗ ಛಳ್ ಎಂದ ಸದ್ದು ಏನೆಂದು ಅವನಿಗೆ ತಿಳಿದದ್ದು ಮನೆ ಮುಟ್ಟಿದ ಮೇಲೆ.

"ಪಾತ್ರೆ ಕೊಟ್ನಾ ಆ ಹುಡುಗ?" ಎಂದಳು ಲವೋನ್.

"ಇನ್ನೂ ಇಲ್ಲ," ಎಂದ ಓರ್ವಿಲ್. ಎರಡೇ ಮಾತು. ಸುಳ್ಳೆಂದರೆ ಸುಳ್ಳು, ಆದರೆ ಗಾತ್ರದಲ್ಲಿ ಬಿಸ್ಕತ್ತಿಗಿಂತ ಚಿಕ್ಕದು.

ಆ ಹುಡುಗ ಮುಂದೆ ಕಾಲೇಜಿಗೆ ಹೋಗಿ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲಿನಲ್ಲಿ ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ, ಚೆಂಡನ್ನು ಗದ್ದೆಯ ಈ ಬದುವಿನಿಂದ ಆ ಬದುವಿಗೆ ಎಸೆಯುತ್ತ, ದೇಶವೆಲ್ಲ ಹೆಸರು ಮಾಡುತ್ತಾನೆಂದು ಓರ್ವಿಲ್ ಕನಸಿನಲ್ಲೂ ಎಣಿಸಿರಲಿಲ್ಲ.

ಏಪ್ರಿಲ್ ಕೊನೆಯ ಗುರುವಾರ ಬಂತು. ಸಂಜೆ ದೊಡ್ಡ ತಂಡಗಳು ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟು. ಟ್ಯಾನರ್ ಮೂರನೆಯವನಾಗಿ ಹೋಗುವುದು ಖಂಡಿತ ಎಂದು ವಾರಗಟ್ಟಲೆ ಎಲ್ಲರೂ ಹೇಳಿದ್ದರು. ಬೆಳಿಗ್ಗೆ ಏಳಕ್ಕೆ ಓರ್ವಿಲ್ ಡಾರ್ಲೀನ್‌ಳ ಕಾಫಿ ಅಂಗಡಿಗೆ ಹೋದಾಗ ಮಾತ್ರ, ಮಾಮೂಲಿ ಗಿರಾಕಿಗಳೆಲ್ಲ ಟಿವಿಯ ಕೆಳಗೆ ಸತ್ತವರ ಮನೆಗೆ ಬಂದವರಂತೆ ನಿಂತಿದ್ದರು.

ಟಿವಿಯಲ್ಲಿ ಟೈ ಕಟ್ಟಿದವನೊಬ್ಬ ಮೇಜು ಗುದ್ದುತ್ತಿದ್ದ. "ಹುಡುಗನ ತೋಳು ಚಿನ್ನ, ಒಪ್ಪಿದೆ. ನಡತೆ? ಊರಲ್ಲಿ ಒಬ್ಬ ಮುದುಕಿಯ ಪಾತ್ರೆಯನ್ನ ನಾಲ್ಕು ವರ್ಷದಿಂದ ವಾಪಸ್ ಕೊಟ್ಟಿಲ್ಲ! ಒಂದು ಪಾತ್ರೆ ಕೊಡಕ್ಕಾಗದವನ ಕೈಗೆ ಇಡೀ ತಂಡ ಕೊಡ್ತೀರಾ?"

ಪಕ್ಕದಲ್ಲಿದ್ದ ಮನಶ್ಶಾಸ್ತ್ರಜ್ಞ ಕನ್ನಡಕ ಒರೆಸಿಕೊಂಡ. "ಇದು ಕೈಗೆ ಬಂದದ್ದನ್ನು ಬಿಡಲಾರದ ಸ್ವಭಾವ. ನಾಳೆ ಎದುರಾಳಿಗಳು ಮೈಮೇಲೆ ಬಿದ್ದಾಗಲೂ ಚೆಂಡು ಬಿಡಲ್ಲ. ಅಪ್ಪಿಕೊಂಡೇ ಕೆಳಗೆ ಬೀಳ್ತಾನೆ."

ಓರ್ವಿಲ್ ಕಾಫಿ ಕಪ್ಪನ್ನು ಮುಖಕ್ಕೆ ಅಡ್ಡ ಹಿಡಿದ.

"ಯಾರಯ್ಯಾ ಇದನ್ನ ಹೇಳಿದ್ದು?" ಎಂದು ಗಾರ್ಡಿ ಗುಡುಗಿದ. ಚಳಿಗಾಲದಲ್ಲಿ ಊರವರ ಮನೆ ಮುಂದಿನ ಹಿಮ ತಳ್ಳುವ ಗಾಡಿ ಗಾರ್ಡಿಯದು. "ಹೆಸರು ಗೊತ್ತಾಗ್ಲಿ. ಮುಂದಿನ ಚಳಿಗಾಲ ಅವರ ಮನೆ ಮುಂದೆ ಒಂದು ಹಿಡಿ ಹಿಮ ತಳ್ಳಲ್ಲ ನಾನು!"

ನೋರ್ಬಿಯಲ್ಲಿ ಇದಕ್ಕಿಂತ ಘೋರವಾದ ಶಾಪವಿಲ್ಲ.

ಡಾರ್ಲೀನ್ ಕಾಫಿ ಜಗ್ಗು ಹಿಡಿದೇ ಲೆಕ್ಕ ಹಾಕಿದಳು. "ಆರ್ಲಿಸ್‌ಗೆ ಆಪರೇಷನ್ ಆದಾಗ ಊಟ ಕಳ್ಸಿದ್ದು ಯಾರ್ಯಾರು? ನನ್ನ ಪಾತ್ರೆ ಬಂತು. ಪಾದ್ರಿಗಳದು ಬಂತು. ಗಾರ್ಡಿ, ನಿಂದು?"

"ಉಪ್ಪಿನಕಾಯಿ ಬಾಟಲಿ ಇಟ್ಕೊಂಡು ಬಂತು."

"ಹಾಗಾದ್ರೆ ಉಳಿದದ್ದು..."

ಒಂಬತ್ತು ತಲೆಗಳು ಹೊಲದ ಸೂರ್ಯಕಾಂತಿಗಳಂತೆ ಒಟ್ಟಿಗೆ ಓರ್ವಿಲ್‌ನ ಕಡೆ ತಿರುಗಿದವು. ಓರ್ವಿಲ್ ಕಪ್ಪಿನ ಕೆಳಗೆ ಹಣವಿಟ್ಟು, ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಬಿದ್ದ.

ಮನೆಯ ಮುಂದೆ ಟಿವಿಯವರ ವ್ಯಾನು ನಿಂತಿತ್ತು. ಲವೋನ್ ಜಗಲಿಯ ಮೇಲೆ ಮೈಕಿನ ಮುಂದೆ ಎರಡೂ ಕೈ ಅಗಲಿಸಿ ಪಾತ್ರೆಯ ಅಳತೆ ತೋರಿಸುತ್ತಿದ್ದಳು. ಅವಳು ಕೆಟ್ಟವಳಲ್ಲ. ಎರಡು ವಾರದ ಹಿಂದೆ ಪ್ರೂಯಿಟ್ ಎಂಬ ಸಭ್ಯ ಮನುಷ್ಯ ಮನೆಗೆ ಬಂದಿದ್ದ. ರಿಟೈರಾದ ಪೊಲೀಸು, ಈಗ ಪೈಕ್ಸ್ ತಂಡದ ಪರವಾಗಿ ಹುಡುಗರ ನಡತೆ ವಿಚಾರಿಸುವ ಕೆಲಸ. ಟ್ಯಾನರ್‌ನನ್ನು ಲವೋನ್ ಒಂದು ಗಂಟೆ ಹೊಗಳಿದ್ದಳು. ಮೂರನೇ ಕಪ್ ಕಾಫಿಗೆ ಅವನು, "ಒಂದು ದೋಷವೂ ಇಲ್ವೇ ತಾಯಿ? ಇಷ್ಟು ಒಳ್ಳೆಯವನು ಅಂತ ಬರೆದ್ರೆ ನನ್ನ ಕೆಲ್ಸ ಹೋಗುತ್ತೆ," ಎಂದು ನಕ್ಕ. ಸತ್ಯವಂತೆಯಾದ ಲವೋನ್, "ನನ್ನ ಪಾತ್ರೆ ಒಂದು ಅವನ ಹತ್ರ ಇದೆ, ಅಷ್ಟೇ," ಎಂದಿದ್ದಳು. ಆ ಮಾತು ಯಾವ ಕಿಂಡಿಯಿಂದ ಟಿವಿಗೆ ಹಾರಿತೋ, ದೇವರೇ ಬಲ್ಲ.

"ನಾನು ಇದ್ದದ್ದು ಹೇಳ್ದೆ, ಓರ್ವಿಲ್," ಎಂದಳು, ವ್ಯಾನು ಹೋದ ಮೇಲೆ. "ಇದಕ್ಕೋಸ್ಕರ ಹುಡುಗನ್ನ ಯಾರೂ ತಗೊಳ್ದೆ ಹೋದ್ರೆ? ಆರ್ಲಿಸ್ ಮುಖ ಹೇಗೆ ನೋಡ್ಲಿ ನಾನು?"

"ಆ ಪಾತ್ರೆ... ಬೇರೆ ರೀತೀಲೂ ಹೋಗಿರ್ಬಹುದಲ್ವಾ?"

"ಯಾವ ರೀತೀಲಿ? ಅದಕ್ಕೇನು ಕಾಲಿತ್ತಾ?"

ಓರ್ವಿಲ್ ಬಾಯಿ ತೆರೆದ. ಲವೋನ್‌ಳ ಕಣ್ಣಲ್ಲಿ ಅವಳ ತಾಯಿಯ ನೀಲಿ ಹೂಗಳು ಕಂಡವು. ಬಾಯಿ ಮುಚ್ಚಿದ. ಫ್ರಿಜ್ಜಿಗೆ ಅಂಟಿಸಿದ್ದ ಪ್ರೂಯಿಟ್‌ನ ಕಾರ್ಡು ಕಿತ್ತುಕೊಂಡು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿದ.

"ಸಾರ್, ಪಾತ್ರೆ ಕಳೆದದ್ದು ನಾನು," ಎಂದ ಫೋನಿನಲ್ಲಿ, ಉಸಿರು ಕಟ್ಟಿ. "ಹುಡುಗ ಕೊಟ್ಟಿದ್ದ. ಗಾಡಿ ಮೇಲಿಟ್ಟು ಮರ್ತು ಓಡಿಸ್ಬಿಟ್ಟೆ."

ಆ ಕಡೆಯಿಂದ ದೀರ್ಘವಾದ ನಿಟ್ಟುಸಿರು. "ನೀವು ಏಳನೆಯವರು, ಮಿಸ್ಟರ್ ನೆಸ್."

"ಏಳನೆಯವನಾ?"

"ಡಾರ್ಲೀನ್ ಅನ್ನೋರು ತಾವೇ ಒಡೆದೆ ಅಂದ್ರು. ನಿಮ್ಮ ಪಾದ್ರಿಗಳು ಚರ್ಚಿನ ಕಪಾಟಲ್ಲಿದೆ ಅಂದ್ರು. ಗಾರ್ಡಿ ಅನ್ನೋರು ಹಿಮದ ಗಾಡಿ ಹತ್ತಿಸಿ ಪುಡಿ ಮಾಡಿದ್ರಂತೆ. ಜೂನ್ ತಿಂಗಳಲ್ಲಿ! ಏನು ಊರು ಸ್ವಾಮಿ ನಿಮ್ಮದು?"

ಓರ್ವಿಲ್‌ಗೆ ಅರ್ಥವಾಯಿತು. ಊರಿನ ಅರ್ಧ ಜನ ಬೆಳೆದದ್ದು ಅವನ ಬಸ್ಸಿನಲ್ಲಿ. ಅವನ ಬಸ್ಸಿಗೆ ಒಂದೇ ಕಾನೂನು. ಹಿಂದಿನ ಸೀಟಿನಲ್ಲಿ ಏನಾದರೂ ಮುರಿದರೆ ಬಸ್ಸು ನಿಲ್ಲುತ್ತಿತ್ತು. "ಯಾರು ಮಾಡಿದ್ದು ಅಂತ ನಂಗೆ ಬೇಡ. ಒಬ್ರು ಎದ್ದು ನಿಂತು ಒಪ್ಕೊಳ್ಳಿ, ಬಸ್ಸು ಹೊರಡುತ್ತೆ." ಕಲಿಸಿದ ಪಾಠ ಮೂವತ್ತು ವರ್ಷದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡಿ, ಮರಿಗಳೆಲ್ಲ ಒಟ್ಟಿಗೆ ಅವನ ಕಾಲಿಗೇ ಕುಟುಕುತ್ತಿದ್ದವು.

ಉಳಿದ ಆರು ಜನ ಟಿವಿಯವರಿಗೂ ಫೋನ್ ಮಾಡಿದ್ದರು. ಮಧ್ಯಾಹ್ನ ಟೈಯವನು ಕುರ್ಚಿಯಿಂದ ಎದ್ದೇ ನಿಂತಿದ್ದ. "ಒಂದೇ ಪಾತ್ರೆಯನ್ನ ಆರು ಜನ ಆರು ಥರ ಕಳೆದಿದ್ದಾರೆ! ಇಡೀ ಊರೇ ಸುಳ್ಳು ಹೇಳ್ತಿದೆ. ಈ ಹುಡುಗ ಇವರನ್ನ ಯಾವ ಹೆದರಿಕೇಲಿ ಇಟ್ಟಿದ್ದಾನೆ?"

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಊರೆಲ್ಲ ಸೇರಿತು. ಗೋಡೆಯ ಮೇಲೆ ದೊಡ್ಡ ಪರದೆ, ಉದ್ದ ಮೇಜಿನ ಮೇಲೆ ಹಬೆಯಾಡುವ ಹಾಟ್‌ಡಿಶ್‌ಗಳ ಸಾಲು. ಯಾರೂ ಮುಟ್ಟುತ್ತಿರಲಿಲ್ಲ. ಮೂರನೆಯ ತಂಡದ ಸರದಿ ಬಂತು. ಬೇರೊಬ್ಬನ ಹೆಸರು. ನಾಲ್ಕು, ಐದು, ಆರು. ಯಾವುದೋ ಕೋಣೆಯಲ್ಲಿ ಹೊಸ ಕೋಟು ಹಾಕಿಕೊಂಡು ಕೂತಿದ್ದ ಟ್ಯಾನರ್‌ನ ಮುಖವನ್ನು ಕ್ಯಾಮರಾ ಮತ್ತೆ ಮತ್ತೆ ತೋರಿಸುತ್ತಿತ್ತು, ಹಲ್ಲುನೋವು ಇರುವಲ್ಲಿಗೇ ನಾಲಿಗೆ ಹೋಗುವಂತೆ.

ಆರ್ಲಿಸ್ ಅಜ್ಜಿ ಮೊಮ್ಮಗನ ನಂಬರಿನ ಅಂಗಿ ಹಾಕಿಕೊಂಡು ಓರ್ವಿಲ್‌ನ ಪಕ್ಕದಲ್ಲಿ ಕೂತಿದ್ದಳು.

"ನಾನೇ ತೊಳ್ದು ಕಳ್ಸಿದ್ದೆ ಕಣೋ," ಎಂದಳು ಮೆಲ್ಲಗೆ. "ಆರು ಶುಂಠಿ ಬಿಸ್ಕತ್ತು ಇಟ್ಟಿದ್ದೆ. ಲವೋನ್ ಒಂದು ಮಾತೂ ಆಡ್ಲಿಲ್ಲ. ಹಿಡಿಸ್ಲಿಲ್ವೇನೋ ಅಂತ ನಾಲ್ಕು ವರ್ಷದಿಂದ ಅವಳ ಹತ್ರ ಬರೀ ಹವಾಮಾನದ ಮಾತೇ ಆಡ್ತಿದ್ದೀನಿ."

"ತುಂಬಾ ಚೆನ್ನಾಗಿದ್ವು," ಎಂದುಬಿಟ್ಟ ಓರ್ವಿಲ್.

ಆರ್ಲಿಸ್ ನಿಧಾನವಾಗಿ ಅವನತ್ತ ತಿರುಗಿದಳು. "ನೀನು ತಿಂದ್ಯಾ?"

"ಆರೂ."

ಅಜ್ಜಿ ಅವನನ್ನು ನೋಡಿದಳು, ಪರದೆಯ ಮೇಲಿನ ಮೊಮ್ಮಗನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಓರ್ವಿಲ್ ಕೂತೇ ಇರುತ್ತಿದ್ದನೋ ಏನೋ. ಅವಳು ಸುಮ್ಮನೆ ಕಣ್ಣೊರೆಸಿಕೊಂಡಳು. ಹದಿಮೂರನೆಯ ತಂಡವೂ ಬೇರೆಯವನನ್ನು ಆರಿಸಿತು.

ಓರ್ವಿಲ್ ಎದ್ದು ನಿಂತ. ಸಭೆಯಲ್ಲಿ ಮಾತಾಡಿದ್ದು ಅವನ ಎಪ್ಪತ್ತೊಂದು ವರ್ಷದಲ್ಲಿ ಒಮ್ಮೆ, ಮದುವೆಯ ದಿನ, ಅದೂ ಪಾದ್ರಿ ಹೇಳಿಕೊಟ್ಟದ್ದನ್ನು.

"ಎಲ್ರೂ ಸ್ವಲ್ಪ ಕೇಳಿ," ಎಂದ. "ಆ ಪಾತ್ರೆ..."

"ಪೈಕ್ಸ್ ತಂಡದ ಆಯ್ಕೆ," ಎಂದಿತು ಪರದೆ, "ಕ್ವಾರ್ಟರ್‌ಬ್ಯಾಕ್ ಟ್ಯಾನರ್ ಸ್ಕೋಗನ್!"

ನೆಲಮಾಳಿಗೆಯ ಛಾವಣಿ ಹಾರಿಹೋಗದಿದ್ದದ್ದು ಕಟ್ಟಿದವರ ಪುಣ್ಯ. ಗಾರ್ಡಿ ಪಾದ್ರಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದ. ಪೈಕ್ಸ್‌ನವರ ಊರು ನಾಲ್ಕೇ ಗಂಟೆಯ ದಾರಿ. ಆರ್ಲಿಸ್ ಬಸ್ಸಿನಲ್ಲಿ ಹೋಗಿ ಆಟ ನೋಡಿ ಬರಬಹುದು. ಓರ್ವಿಲ್ ಮಾತ್ರ ಅಲ್ಲಾಡದೆ ನಿಂತಿದ್ದ. ಹುಡುಗ ಪಾರಾದರೂ ಅವನ ಹೆಸರಿನ ಮೇಲಿನ ಮಸಿ ಹಾಗೇ ಇತ್ತು. ಗದ್ದಲ ಇಳಿಯಲಿ, ಹೇಳಿಯೇ ಬಿಡುತ್ತೇನೆ ಎಂದುಕೊಂಡ.

ಗದ್ದಲ ಇಳಿಯಿತು, ಏಕೆಂದರೆ ಪರದೆಯಲ್ಲಿ ಒಬ್ಬಳು ಟ್ಯಾನರ್‌ನ ಬಾಯಿಗೆ ಮೈಕು ಹಿಡಿದು, "ಆ ಪಾತ್ರೆಯ ವಿಷಯ ನಿಜವೇ?" ಎಂದು ಕೇಳಿದ್ದಳು.

ಟ್ಯಾನರ್ ಒಂದು ಕ್ಷಣ ತಲೆ ತಗ್ಗಿಸಿದ. "ನಿಜ ಮೇಡಂ. ತಪ್ಪು ನಂದೇ. ಮಿಸೆಸ್ ನೆಸ್, ದಯವಿಟ್ಟು ಕ್ಷಮಿಸಿ. ನಮ್ಮ ಬಸ್ ಡ್ರೈವರ್ ಓರ್ವಿಲ್ ಹೇಳ್ತಿದ್ರು, ಒಬ್ಬ ಎದ್ದು ನಿಂತು ಒಪ್ಕೊಂಡ್ರೆ ಬಸ್ಸು ಹೊರಡುತ್ತೆ ಅಂತ. ನಾನು ಏನು ಕಲ್ತಿದ್ರೂ ಅವರಿಂದ್ಲೇ."

ಪೈಕ್ಸ್‌ನ ಕೋಚು ಹಿಂದಿನಿಂದ ಬಂದು ಅವನ ಭುಜ ತಟ್ಟಿದ. "ಕೇಳಿದ್ರಾ? ಇದು ನಡತೆ ಅಂದ್ರೆ! ಈ ಕಾಲದಲ್ಲಿ ತಪ್ಪನ್ನ ಒಪ್ಕೊಳ್ಳೋರು ಎಲ್ಲಿದ್ದಾರೆ?"

ನೆಲಮಾಳಿಗೆಯ ಅಷ್ಟೂ ಜನ ಎದ್ದು ನಿಂತು, ಆಗಲೇ ನಿಂತಿದ್ದ ಓರ್ವಿಲ್‌ಗೆ ಚಪ್ಪಾಳೆ ತಟ್ಟಿದರು. "ಮಾತಾಡು ಓರ್ವಿಲ್! ಏನೋ ಹೇಳಕ್ಕೆ ಹೊರಟಿದ್ದೆಯಲ್ಲ!"

ಈಗ ಸತ್ಯ ಹೇಳಿದರೆ ಹುಡುಗ ಇಡೀ ದೇಶದ ಮುಂದೆ ಸುಳ್ಳುಗಾರ. ಓರ್ವಿಲ್ ಆರ್ಲಿಸ್ ಕಡೆ ನೋಡಿದ. ಆರ್ಲಿಸ್ ಛಾವಣಿ ನೋಡುತ್ತಿದ್ದಳು.

"ಅವನು ಒಳ್ಳೆಯ ಹುಡುಗ," ಎಂದ ಓರ್ವಿಲ್, ದನಿ ಒಡೆದು. "ನನಗಿಂತ ತುಂಬಾ ಒಳ್ಳೆಯವನು."

"ಎಂಥಾ ವಿನಯ!" ಎಂದು ಡಾರ್ಲೀನ್ ಮೂಗು ಸೀಟಿದಳು. ಪಾದ್ರಿಗಳು ಅಲ್ಲೇ, ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾಮಾಣಿಕತೆಯ ಬಗ್ಗೆ ಓರ್ವಿಲ್‌ನ ಭಾಷಣ ಎಂದು ಘೋಷಿಸಿಬಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಲವೋನ್.

ಹೊರಡುವಾಗ, ಪಾತ್ರೆ ಕಳೆದುಕೊಂಡ ಲವೋನ್‌ಗೆ ಸಮಾಧಾನವಾಗಲೆಂದು ಮನೆಮನೆಯವರೂ ಮಿಕ್ಕ ಹಾಟ್‌ಡಿಶ್ಶನ್ನು ಪಾತ್ರೆ ಸಮೇತ ಹೊರಿಸಿದರು. ಒಂಬತ್ತು ಪಾತ್ರೆ, ಒಂಬತ್ತರ ತಳದಲ್ಲೂ ಹೆಸರು. ಓರ್ವಿಲ್ ಎಂಟನ್ನು ಹಿಂದಿನ ಸೀಟಿಗೆ ಸೇರಿಸಿ, ಒಂಬತ್ತನೆಯದನ್ನು ಕೈಯಲ್ಲಿ ಹಿಡಿದು ಕೀಲಿಗಾಗಿ ಜೇಬು ತಡಕಿದ. ಅಭ್ಯಾಸಬಲ, ಪಾತ್ರೆ ಟಾಪಿನ ಮೇಲೆ ಹೋಗಿ ಕೂತಿತು.

"ಒಳಗಿಡು ಓರ್ವಿಲ್," ಎಂದಳು ಆ ಬದಿಯಿಂದ ಲವೋನ್. "ಈ ಸಲನಾದ್ರೂ."

ಓರ್ವಿಲ್ ಕಲ್ಲಾದ. ಈ ಸಲನಾದ್ರೂ?

"ಪ್ರೂಯಿಟ್ ಐದು ಗಂಟೆಗೆ ಫೋನ್ ಮಾಡಿದ್ರು. ಏಳು ಕತೇಲಿ ಒಂದೇ ನಿಜ ಅನ್ನಿಸ್ತಂತೆ. ಅಷ್ಟು ಪೆದ್ದು ಕೆಲ್ಸಾನ ಯಾರಿಗೂ ಕಟ್ಟಿ ಹೇಳಕ್ಕಾಗಲ್ವಂತೆ."

"ಮತ್ತೆ ನೀನು..."

"ಅವರ ಪೈಕ್ಸ್ ತಂಡದ ಸರದಿ ಹದಿನಾಲ್ಕನೇದು. ಅದಕ್ಕೂ ಮುಂಚಿನ ತಂಡಗಳೆಲ್ಲ ಹೆದರ್ಕೊಂಡು ಬಿಟ್ರೆ ಹುಡುಗ ತಮಗೆ ಸಿಗ್ತಾನೆ, ಅಲ್ಲೀವರೆಗೆ ತುಟಿ ಬಿಚ್ಬೇಡಿ ತಾಯಿ ಅಂದ್ರು. ಆರ್ಲಿಸ್‌ಗೂ ಹತ್ರ ಆಗುತ್ತಲ್ಲ. ಸುಮ್ನಿದ್ದೆ."

"ಎಲ್ರ ಮುಂದೆ ನನ್ನ ಜೀವ ಹೋಗ್ತಿತ್ತಲ್ಲೇ! ನನಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ನಂಗೆ ನಾಲ್ಕು ವರ್ಷ ಹೇಳ್ಲಿಲ್ಲ. ನಾನು ನಿಂಗೆ ನಾಲ್ಕು ಗಂಟೆ ಹೇಳ್ಲಿಲ್ಲ." ಲವೋನ್ ಒಳಗೆ ಕೂತು ಬಾಗಿಲು ಎಳೆದುಕೊಂಡಳು. "ಹುಡುಗನ ಮರ್ಯಾದೆ ಇದೆ, ಇನ್ನು ಮೇಲೂ ಯಾರಿಗೂ ಹೇಳಲ್ಲ. ಆದ್ರೆ ಇಷ್ಟೂ ಪಾತ್ರೆ ವಾಪಸ್ ಹೋಗ್ಬೇಕು, ಖಾಲಿ ಹೋಗಂಗಿಲ್ಲ. ನಾಳೆ ಆರ್ಲಿಸ್ ಮನೆಗೆ ಹೋಗಿ ಶುಂಠಿ ಬಿಸ್ಕತ್ತು ಮಾಡೋದು ಕಲ್ತ್ಕೋ. ಮನೆಗೆ ಆರಾರು. ನೀನೇ ಮಾಡ್ಬೇಕು, ಒಂದೂ ತಿನ್ನಂಗಿಲ್ಲ."

ಓರ್ವಿಲ್ ಹತ್ತಿ ಕೂತು ಗಾಡಿ ಹೊರಡಿಸಿದ. ಬೈಗುಳ ಬಿತ್ತು, ಶಿಕ್ಷೆಯೂ ಆಯಿತು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಎದೆ ಹಗುರಾಗಿತ್ತು. ಸಣ್ಣಗೆ ಶಿಳ್ಳೆಯನ್ನೂ ಹಾಕಿದ. ರೈಲುಹಳಿ ಬಂತು. ಗಾಡಿ ಒಮ್ಮೆ ಎಗರಿತು.

ಛಳ್.

ಶಿಳ್ಳೆ ನಿಂತಿತು. ಲವೋನ್ ಹಿಂದಿನ ಸೀಟಿನ ಕಡೆ ತಿರುಗಿ ಬೆರಳು ಮಡಿಸಿ ಎಣಿಸಿದಳು. ಎಂಟು.

"ಯಾರದ್ದು?" ಎಂದಳು.

"ಗಾರ್ಡಿದು."

ಮನೆಯ ತಿರುವು ಬಂದಾಗ ಲವೋನ್ ಅವನ ಮೊಣಕಾಲು ತಟ್ಟಿದಳು.

"ಗಾರ್ಡಿ ಕೇಳಲ್ಲ ಬಿಡು. ಈ ಊರಲ್ಲಿ ಯಾರೂ ಕೇಳಲ್ಲ," ಎಂದಳು. ಆಮೇಲೆ ಕಿಟಕಿಯಾಚೆ ನೋಡುತ್ತ ಸೇರಿಸಿದಳು: "ಆದ್ರೂ ಹಿಮ ತಳ್ಳೋ ಸಲಿಕೆ ಒಂದು ಹೊಸದು ತಗೊಂಡಿರು."