ಚಂದ್ರಹಾಸನ ಡ್ರಮ್ಸಿಗೆ ಸಿಕ್ಕ ಕೆಲಸ

ಆ ದಿನ ಕಲ್ಕತ್ತೆಯ ಬೆಹಾಲಾದ ಕಟ್ಟಡದ ಲಿಫ್ಟ್ ಕೆಟ್ಟಿರದಿದ್ದರೆ ಚಂದ್ರಹಾಸ ಎದುರುಮನೆಯ ಉಮಾಪತಿಯ ಸಹಾಯ ಕೇಳುತ್ತಲೇ ಇರಲಿಲ್ಲ. ನಾಲ್ಕನೇ ಮಹಡಿಯಿಂದ ಡ್ರಮ್ ಸೆಟ್ಟು ಇಳಿಸಲು ಇನ್ನೆರಡು ಕೈ ಬೇಕಿತ್ತು.

“ನಾ ಅದೀನಲ್ಲ, ಚಿಂತಿ ಯಾಕ ಮಾಡ್ತೀರಿ?” ಎಂದು ಉಮಾಪತಿ ತೋಳು ಮಡಚಿದ. ರೈಲ್ವೆಯಿಂದ ನಿವೃತ್ತನಾದ ಈ ಧಾರವಾಡದವನಿಗೆ ಪರರ ಕೆಲಸವೆಂದರೆ ಹೋಳಿಗೆ ಊಟ. ಡ್ರಮ್ಸಿನ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆಂದು ದೂರು ಕೊಟ್ಟು, ಚಂದ್ರಹಾಸ ದಿಂಬಿನ ಮೇಲೆ ಅಭ್ಯಾಸ ಮಾಡುವಂತೆ ಮಾಡಿದವನೂ ಅವನೇ.

ಚಂದ್ರಹಾಸನ ತಂದೆ ನೌಕರಿಗೆಂದು ಮೈಸೂರಿನಿಂದ ಕಲ್ಕತ್ತೆಗೆ ಬಂದವರು. ಕ್ಲಬ್ಬಿನ ಕ್ರಿಸ್‌ಮಸ್ ನೃತ್ಯದಲ್ಲಿ ಜಾಝ್ ಕೇಳಿದ ಮಗ ಓದು ಬಿಟ್ಟು ಡ್ರಮ್ಸಿನ ಹಿಂದೆ ಕೂತ. ಯೌವನವನ್ನೆಲ್ಲ ಪಾರ್ಕ್ ಸ್ಟ್ರೀಟಿನ ಒಂದು ರೆಸ್ಟೋರೆಂಟಿನಲ್ಲಿ ಬಾರಿಸಿಯೇ ಕಳೆದ. ಆಮೇಲೆ ಕುಣಿಯುವವರು ಕಡಿಮೆಯಾದರು, ಬ್ಯಾಂಡು ಚೆದುರಿತು. ಮದುವೆಮನೆಗಳಲ್ಲಿ ಸಿನಿಮಾ ಹಾಡಿಗೆ ಬಾರಿಸುತ್ತ, ಹೆಂಡತಿ ವಿಶಾಲಾಕ್ಷಿಯ ಅಂಚೆ ಕಚೇರಿಯ ಸಂಬಳದಲ್ಲಿ ಉಣ್ಣುತ್ತ ತಲೆ ಬೋಳಾಯಿತು. ಈಗ ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಹಳೇ ಕಲ್ಕತ್ತೆಯ ಮೇಲೆ ಪ್ರೀತಿ ಉಕ್ಕಿತ್ತು. ಅದೇ ರೆಸ್ಟೋರೆಂಟಿನ ಮಾಲೀಕನ ಮಗ ಫೋನ್ ಮಾಡಿ, ಜಾಝ್ ಮತ್ತೆ ಶುರುವಾಗುತ್ತದೆ, ಸೆಟ್ಟಿನೊಂದಿಗೆ ಬನ್ನಿ ಎಂದಿದ್ದ.

“ಈ ಸಲನಾದ್ರೂ ಜಂಬ ಬಿಟ್ಟು ಹೇಳಿದ್ದಕ್ಕೆ ಹೂಂ ಅನ್ನಿ,” ಎಂದು ವಿಶಾಲಾಕ್ಷಿ ಬಾಗಿಲಲ್ಲಿ ನಿಂತು ಹೇಳಿದಳು.

ಎರಡನೇ ಮಹಡಿಯಲ್ಲಿ ಉಮಾಪತಿಯ ಕೈಯಿಂದ ದೊಡ್ಡ ಡ್ರಮ್ಮು ಜಾರಿ, ಮದಗಜದಂತೆ ಮೆಟ್ಟಿಲಿಳಿಯಿತು. ಎಲ್ಲ ಬಾಗಿಲುಗಳೂ ತೆರೆದವು. “ಕೊನೆಗೂ ಮನೆ ಖಾಲಿ ಮಾಡ್ತಿದ್ದೀರಾ?” ಎಂದು ಕೆಳಗಿನ ಮನೆಯ ಬಂಗಾಳಿ ಬಾಬು ಆಸೆಯಿಂದ ಕೇಳಿದರು. ಟ್ಯಾಕ್ಸಿಯವನು ಸಾಮಾನು ನೋಡಿ ಗೊಣಗಿದ. ದಾರಿಯಲ್ಲಿ ಯಾವುದೋ ಪಕ್ಷದ ಮೆರವಣಿಗೆ ಸಿಕ್ಕಿ ಟ್ಯಾಕ್ಸಿ ಬಿಸಿಲಲ್ಲಿ ಬೆಂದಿತು. ಉಮಾಪತಿ ಮಾತ್ರ ಮಡಿಲಲ್ಲಿದ್ದ ಡ್ರಮ್ಮನ್ನು ಬೆರಳಿನಿಂದ ಕುಟ್ಟುತ್ತ, ಇದರಲ್ಲಿ ಕಷ್ಟ ಏನಿದೆ ಎನ್ನುವ ಮುಖ ಮಾಡಿಕೊಂಡಿದ್ದ.

ಅಂತೂ ತಲುಪಿದರು. ಚಂದ್ರಹಾಸ ಬಾರಿಸಿದ. ದಿಂಬು ಕುಟ್ಟಿ ಜಡ್ಡುಗಟ್ಟಿದ್ದ ಮಣಿಕಟ್ಟು ಮೊದಲು ತಡವರಿಸಿತು, ಆಮೇಲೆ ಹರಿಯತೊಡಗಿತು. ಅಡುಗೆಮನೆಯಿಂದ ಮಾಣಿಗಳು ಹೊರಬಂದು ಕೇಳುತ್ತ ನಿಂತರು. ಮುಗಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು.

ಮಾಲೀಕನ ಮಗ ಮೊಬೈಲಿನಿಂದ ತಲೆ ಎತ್ತಿದ. “ಚೆನ್ನಾಗಿದೆ ದಾದಾ. ಆದ್ರೆ ಇಷ್ಟು ಸದ್ದಾದ್ರೆ ಗಿರಾಕಿಗಳು ಮಾತಾಡೋದು ಹೇಗೆ? ಸಂಗೀತ ಕಂಪ್ಯೂಟರಿಂದ ಬರುತ್ತೆ. ಡ್ರಮ್ಸ್ ಹಿಂದೆ ಒಬ್ಬರು ಕೂತು ಬಾರಿಸೋ ಹಾಗೆ ಕಂಡ್ರೆ ಸಾಕು.”

ಚಂದ್ರಹಾಸನ ಗಂಟಲಿಗೆ ಬೈಗುಳವೊಂದು ಬಂತು. ಹೆಂಡತಿಯ ಮುಖ ನೆನೆದು ಹಾಗಲಕಾಯಿ ರಸದಂತೆ ನುಂಗಿದ. “ಹೂಂ, ಆಗ್ಲಿ,” ಎಂದ.

“ನೀವಲ್ಲ ದಾದಾ. ನಿಮ್ಮನ್ನ ನೋಡಿದ್ರೆ ಬ್ಯಾಂಕಿಗೆ ಚಲನ್ ತುಂಬೋಕೆ ಬಂದವರ ಹಾಗಿದೆ. ಅವರು.”

ಮೂಲೆಯಲ್ಲಿ ಉಮಾಪತಿ ಬೆವರು ಒರೆಸಿಕೊಳ್ಳುತ್ತಿದ್ದ. ಬೆಳ್ಳಿಕೂದಲು ಕೆದರಿ ಹೆಗಲ ಮೇಲೆ ಬಿದ್ದಿತ್ತು. ನೋಡಿದವರಿಗೆ ಆಯುಷ್ಯವನ್ನೆಲ್ಲ ಸಂಗೀತಕ್ಕೆ ಸುರಿದು ಹಾಳಾದ ಕಲಾವಿದನಂತೆ ಕಾಣುತ್ತಿದ್ದ.

ತನಗೆ ಬಾರಿಸಲು ಬರುವುದಿಲ್ಲ ಎಂದು ಅವನು ಹಿಂದಿಯಲ್ಲಿ ತೊದಲಿದ.

“ಅದೇ ಅನುಕೂಲ. ಸೆಟ್ಟು ಇಲ್ಲೇ ಇರ್ಲಿ.”

ಉಮಾಪತಿ ಸಂಕೋಚದಿಂದಲೇ ಹೋಗಿ ಕೂತ. ಕೂತಮೇಲೆ ಸಂಕೋಚ ಹೋಯಿತು. “ಚಂದ್ರಹಾಸ, ಕೈ ಹೆಂಗ ಎತ್ತೂದು, ಅಷ್ಟ ತೋರಸ್ರಿ.”

ಚಂದ್ರಹಾಸ ಹಿಂದೆ ನಿಂತು ಅವನ ಮಣಿಕಟ್ಟು ಹಿಡಿದು ಎತ್ತಿಸಿದ. ಕೋಲು ತಾಳದ ತಟ್ಟೆಗೆ ತಗುಲಿ ಟಿಂಗ್ ಎಂದಿತು. ಮಾಲೀಕನ ಮಗ ಮುಖ ಸಿಂಡರಿಸಿದ.

“ಮುಟ್ಟಬಾರದು ಉಮಾಪತಿಯವರೇ,” ಎಂದ ಚಂದ್ರಹಾಸ ಮೆಲ್ಲಗೆ. “ಹತ್ತಿರ ಒಯ್ದು, ವಾಪಸ್ ತನ್ನಿ.”