ಬಸವೇಶ್ವರನಗರದಲ್ಲಿ ನಾಸಿ ಲೆಮಾಕ್

ಭಾನುವಾರ ಬೆಳಗ್ಗೆ ಇಡ್ಲಿಯ ಪಕ್ಕದಲ್ಲಿದ್ದ ಕಾಯಿಚಟ್ನಿಯನ್ನು ಸೋಮಲಿಂಗಪ್ಪನವರು ಬೆರಳ ತುದಿಯಿಂದ ತಟ್ಟೆಯ ಅಂಚಿಗೆ ತಳ್ಳಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆ ದಿನವೂ ಪೇಪರು, ನಿದ್ದೆ, ಸಂಜೆಯ ಬಜ್ಜಿ ಅಂತ ಎಲ್ಲ ಭಾನುವಾರಗಳ ಹಾಗೆ ಮುಗಿದುಹೋಗುತ್ತಿತ್ತು. ಆದರೆ ಅವರು ಒಂದು ನಿಟ್ಟುಸಿರು ಬಿಟ್ಟು ಬಾಯಿ ತೆರೆದರು.

"ಮಲೇಷ್ಯಾದಲ್ಲಿ ಸಂಬಾಲ್ ಅಂತ ಖಾರದ ಚಟ್ನಿ ಮಾಡ್ತಾರೆ ಕಣೇ. ಅದನ್ನ ತಿಂದ ನಾಲಿಗೆಗೆ ಇದೆಲ್ಲಾ ಆಸ್ಪತ್ರೆ ಊಟ ಇದ್ದ ಹಾಗಿದೆ."

ಜಯದೇವಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಗಂಡ ಮಲೇಷ್ಯಾ ನೋಡಿಬಂದು ತಿಂಗಳಾಗಿತ್ತು. ಆ ತಿಂಗಳಲ್ಲಿ ಮನೆಯ ಉಪ್ಪಿಟ್ಟು, ರೊಟ್ಟಿ, ಚಿತ್ರಾನ್ನ, ಕೊನೆಗೆ ಕುಡಿಯುವ ನೀರು ಕೂಡ ಮಲೇಷ್ಯಾದ ಮುಂದೆ ಸೋತು ಸುಣ್ಣವಾಗಿದ್ದವು.

"ಹೌದಾ?" ಅಂದರು ಮೆತ್ತಗೆ. "ಹಾಗಾದ್ರೆ ಇವತ್ತು ಮಧ್ಯಾಹ್ನದ ಅಡುಗೆ ನೀವೇ ಮಾಡ್ರಿ. ನೀವೊಬ್ರೇ ತಿಂದು ಬಂದ್ರಿ, ನಾವೂ ಒಂದಿನ ರುಚಿ ನೋಡೋಣ. ನಾನಂತೂ ಅಡುಗೆಮನೆಗೆ ಕಾಲಿಡಲ್ಲ."

ಮಗಳು ವಚನಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಭಾನುವಾರವೊಂದೇ ಅವಳಿಗೆ ಮನೆಯ ಜಗಳ ನೋಡಲು ಬಿಡುವು. ಅವಳು ಚಪ್ಪಾಳೆ ತಟ್ಟಿದಳು. "ಸೂಪರ್ ಅಪ್ಪ! ಆ ಕಾಯಿಹಾಲಿನ ಅನ್ನ ನಾಸಿ ಲೆಮಾಕ್, ರೋಟಿ ಚನಾಯ್, ಆ ಉದ್ದಕ್ಕೆ ಎಳೆಯೋ ಟೀ, ಕಡ್ಲೆಬೀಜದ ಸಿಹಿ ಆಪಂ ಬಾಲಿಕ್... ದಿನಾ ಹೇಳ್ತಿದ್ರಲ್ಲ, ಎಲ್ಲಾ ಮಾಡಿ."

ಸೋಮಲಿಂಗಪ್ಪನವರು ಅಂಚಿಗೆ ತಳ್ಳಿದ್ದ ಚಟ್ನಿಯನ್ನು ಮೆಲ್ಲಗೆ ಇಡ್ಲಿಯ ಪಕ್ಕಕ್ಕೆ ಎಳೆದುಕೊಂಡರು.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಗೆಳೆಯರ ಜೊತೆ ಹೋಗಿದ್ದ ಆ ಪ್ರವಾಸದಲ್ಲಿ ಸೋಮಲಿಂಗಪ್ಪನವರು ಮಲೇಷ್ಯಾದ ಒಂದು ಅಗುಳನ್ನೂ ಬಾಯಿಗೆ ಹಾಕಿರಲಿಲ್ಲ. 'ಶುದ್ಧ ಸಸ್ಯಾಹಾರ, ನಮ್ಮದೇ ಅಡುಗೆಯವರು' ಅಂತ ಜಾಹೀರಾತು ಕೊಟ್ಟಿದ್ದ ಟೂರಿನವರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ಬೆಳಗ್ಗೆ ಹೋಟೆಲಿನ ಕಾರ್ ಪಾರ್ಕಿಂಗಿನಲ್ಲಿ ಉಪ್ಪಿಟ್ಟು, ಮಧ್ಯಾಹ್ನ ಬಸ್ಸಿನ ಡಿಕ್ಕಿ ತೆಗೆದು ಅನ್ನ ಸಾರು, ರಾತ್ರಿ ಅದೇ ಸಾರಿಗೆ ಇನ್ನಷ್ಟು ನೀರು. ಜಗತ್ಪ್ರಸಿದ್ಧ ಅವಳಿ ಗೋಪುರದ ಕೆಳಗೆ ನಿಂತು ಅವರು ಮೆದ್ದದ್ದು ಪುಳಿಯೋಗರೆ. ಒಂದು ಸಂಜೆ ಬೀದಿಯಲ್ಲಿ ಒಬ್ಬ ಎರಡು ಮಗ್ಗುಗಳ ನಡುವೆ ಟೀಯನ್ನು ಗಜಗಟ್ಟಲೆ ಎಳೆಯುವುದನ್ನು ಬಾಯಿಬಿಟ್ಟುಕೊಂಡು ನೋಡಿದ್ದರು. ಒಂದು ಲೋಟ ಕುಡಿಯೋಣ ಅನ್ನುವಷ್ಟರಲ್ಲಿ ಗೈಡು ಬಾವುಟ ಎತ್ತಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದ್ದ. ಉಳಿದದ್ದೆಲ್ಲ ಅವನು ಮೈಕಿನಲ್ಲಿ ಹೇಳಿದ ಹೆಸರುಗಳು ಅಷ್ಟೆ.

ಆದರೆ ವಿಮಾನ ಹತ್ತಿ ಸಮುದ್ರ ದಾಟಿ ಹೋದವನು, ಹೆಂಡತಿ ಆಸೆಯಿಂದ "ಏನೇನು ತಿಂದ್ರಿ?" ಅಂತ ಕೇಳಿದಾಗ "ಉಪ್ಪಿಟ್ಟು" ಅನ್ನುವುದು ಹೇಗೆ? ಒಂದು ನಾಸಿ ಲೆಮಾಕ್ ಹೇಳಿದರು. ಆ ಸುಳ್ಳು ಇಡ್ಲಿ ಹಿಟ್ಟಿನ ಹಾಗೆ ಬೆಳಗಾಗುವುದರೊಳಗೆ ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿತ್ತು.

ಈಗ ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ವಿಡಿಯೋ ಹುಡುಕಿದರು. ಮೊದಲು ಸಿಕ್ಕ ಹೆಂಗಸು ನಗುನಗುತ್ತಾ ಹಿಡಿ ತುಂಬ ಏನನ್ನೋ ಎಣ್ಣೆಗೆ ಹಾಕಿದಳು. ಹತ್ತಿರ ಹಿಡಿದು ನೋಡಿದರೆ ಪುಟ್ಟಪುಟ್ಟ ಒಣಮೀನು, ಒಂದೊಂದಕ್ಕೂ ಕಣ್ಣಿತ್ತು. "ಶಿವಾ ಶಿವಾ" ಅಂತ ಫೋನನ್ನು ಮಗುಚಿಟ್ಟರು. ಎರಡನೆಯದು ಸಸ್ಯಾಹಾರಿ ವಿಡಿಯೋ. ತೆಂಗಿನಹಾಲಿನಲ್ಲಿ ಅನ್ನ ಬೇಯಿಸುವುದು, ಅದಕ್ಕೆ ಪಾಂಡನ್ ಎಲೆ ಹಾಕುವುದು.

"ಪಾಂಡನ್ ಅಂದ್ರೆ ಏನಪ್ಪಾ?" ಅಂತ ಅವರು ತಮಗೆ ತಾವೇ ಕೇಳಿಕೊಂಡರು. ಉತ್ತರ ಕಿಟಕಿಯ ಆಚೆಯಿಂದ ಬಂತು.

"ಅದು ನಮ್ಮ ಕೇದಗೆ ಕಣ್ರೀ!"

ಕೆಳಗಿನ ಮನೆಯ ಗಂಗಾಧರಯ್ಯನವರು ನಿವೃತ್ತ ಹೆಡ್‌ಮಾಸ್ಟರು. ಕಟ್ಟಡದ ಯಾವ ಮನೆಯಲ್ಲಿ ಪ್ರಶ್ನೆ ಹುಟ್ಟಿದರೂ ಉತ್ತರ ಹಿಡಿದುಕೊಂಡು ಬಂದು ನಿಲ್ಲುವವರು. ಈಗ ಮೆಟ್ಟಿಲ ಮೇಲೆ ನಿಂತು ಕಿಟಕಿಯ ಸರಳು ಹಿಡಿದಿದ್ದರು. "ಸಸ್ಯಶಾಸ್ತ್ರ ನಾನೇ ಪಾಠ ಮಾಡಿದೀನಿ. ಮಲ್ಲತ್ತಹಳ್ಳಿಲಿ ನಮ್ಮ ತಂಗಿ ಮನೆ ಕಾಂಪೌಂಡಿನಲ್ಲೇ ಬೆಳೆದಿದೆ. ತೆಗೀರಿ ಸ್ಕೂಟರು."

ಕೇದಗೆ ಎಲೆಯ ಎರಡೂ ಅಂಚಿಗೆ ಮುಳ್ಳು, ನಡುಬೆನ್ನಿಗೂ ಮುಳ್ಳು. ಗಂಗಾಧರಯ್ಯನವರು ದೂರ ನಿಂತು ಎಲೆಯ ರಚನೆ ವಿವರಿಸಿದರು, ಸೋಮಲಿಂಗಪ್ಪನವರು ಕಿತ್ತರು. ಮುಗಿಯುವ ಹೊತ್ತಿಗೆ ಅವರ ಕೈಗಳು ಬೆಕ್ಕಿನ ಸಂಸಾರಕ್ಕೆಲ್ಲ ಸ್ನಾನ ಮಾಡಿಸಿ ಬಂದಂತಿದ್ದವು. ವಾಪಸ್ ಬರುವಾಗ ಹಿಂದೆ ಕೂತ ಗಂಗಾಧರಯ್ಯನವರು ಎಲೆಗಳನ್ನು ನೆಟ್ಟಗೆ ಹಿಡಿದುಕೊಂಡದ್ದರಿಂದ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಬೈಕಿನ ಹುಡುಗ "ಅಂಕಲ್, ಯಾವ ಕಡೆ ಯುದ್ಧ?" ಅಂತ ಕೇಳಿದ.

ಕುಕ್ಕರು ಕೂಗಿ ಮುಚ್ಚಳ ತೆಗೆದಾಗ ಗೊತ್ತಾಯಿತು: ಕೇದಗೆಯ ಪರಿಮಳವಿರುವುದು ಹೂವಿನಲ್ಲಿ, ಎಲೆಯಲ್ಲಲ್ಲ. ಅನ್ನ ಮಳೆ ನಿಂತ ಮೈದಾನದ ಹಾಗೆ ನಾರುತ್ತಿತ್ತು.

"ಅದೇ ಅದರ ವಿಶೇಷ," ಅಂದರು ಗಂಗಾಧರಯ್ಯನವರು, ಒಂದು ಹೆಜ್ಜೆ ಹಿಂದೆ ಸರಿದು.

ಅನ್ನ ಹಸುವಿನ ಪಾಲಾಯಿತು. ಹೊಸದಾಗಿ ಅಕ್ಕಿ ತೊಳೆದಿಟ್ಟು ಸಂಬಾಲಿಗೆ ಕೈಹಾಕಿದರು. ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಗೆ ಸುರಿದು, ಮುಂದೇನು ಅಂತ ಫೋನು ನೋಡುತ್ತಿದ್ದಾಗ ವಿಡಿಯೋದ ಮಧ್ಯೆ ಜಾಹೀರಾತು ಬಂತು. ಅದು ಮುಗಿಯುವುದರೊಳಗೆ ಮೆಣಸಿನಕಾಯಿ ಇದ್ದಿಲಾಗಿತ್ತು. ಹೊಗೆ ಮೆಟ್ಟಿಲು ಹತ್ತಿತು, ಇಳಿಯಿತು, ಪಕ್ಕದ ಕಟ್ಟಡಕ್ಕೂ ಹೋಗಿಬಂತು. ಎಲ್ಲ ಮನೆಗಳಿಂದಲೂ ಒಂದೇ ರಾಗದಲ್ಲಿ ಕೆಮ್ಮು ಕೇಳಿಸಿತು. ಮೇಲಿನ ಮನೆಯ ಪಂಕಜಾ ಮೂಗಿಗೆ ಸೆರಗು ಹಿಡಿದುಕೊಂಡು ಓಡಿಬಂದರು.

"ಏನ್ ಸಾರ್ ಇದು, ಇಡೀ ಬೀದಿಗೆ ದೃಷ್ಟಿ ತೆಗೀತಿದೀರಾ?"

"ಇಲ್ಲ ಆಂಟಿ," ಅಂದಳು ವಚನಾ. "ಅಪ್ಪ ಮಲೇಷ್ಯಾ ಊಟ ಮಾಡ್ತಿದಾರೆ."

ಪಂಕಜಾರ ಕಣ್ಣಲ್ಲಿ ನೀರಿನ ಜೊತೆಗೇ ಬೆಳಕೂ ಬಂತು. "ಅಯ್ಯೋ, ಮೊದಲೇ ಹೇಳಬಾರದಾ! ನನ್ನ ತಮ್ಮ ಗೌತಮ್ ಬಂದಿದಾನೆ. ಎಂಟು ವರ್ಷ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದವನು. ಆ ಊಟ ಅಂದ್ರೆ ಪ್ರಾಣ. ಒಂದು ತುತ್ತು ಬಾಯಿಗಿಟ್ರೆ ಸಾಕು, ಅಸಲಿನೋ ನಕಲಿನೋ ಹೇಳಿಬಿಡ್ತಾನೆ. ಮಧ್ಯಾಹ್ನ ಕರ್ಕೊಂಡು ಬರ್ತೀನಿ."

"ಬೇಡಮ್ಮ, ಖಾರ ಸ್ವಲ್ಪ ಜಾಸ್ತಿ..."

"ಅವನಿಗೆ ಖಾರಾನೇ ಬೇಕು."

"ಅನ್ನ ಸಾಲುತ್ತೋ ಇಲ್ವೋ..."

"ಅಕ್ಕಿ ಕಳಿಸ್ತೀನಿ."

ಜಯದೇವಿ ಹಾಲಿನಲ್ಲಿ ಟೀವಿ ಮುಂದೆ ಕಾಲು ಚಾಚಿಕೊಂಡಿದ್ದವರು, ತಲೆ ತಿರುಗಿಸದೆ ಹೇಳಿದರು: "ಬರ್ಲಿ ಬಿಡಿ ಪಂಕಜಾ. ತಿಳಿದೋರು ತಿಂದ್ರೆ ಮಾಡಿದೋರಿಗೂ ಸಂತೋಷ."

ಸೋಮಲಿಂಗಪ್ಪನವರಿಗೆ ಸರ್ವೀಸಿನಲ್ಲಿ ಆಡಿಟ್ ಪಾರ್ಟಿ ಬಂದಾಗ ಕೂಡ ಇಷ್ಟು ಬೆವರು ಬಂದಿರಲಿಲ್ಲ. ಇದ್ದುದರಲ್ಲಿ ಕಣ್ಣಾರೆ ಕಂಡದ್ದು ಟೀ ಒಂದೇ. ಅದನ್ನಾದರೂ ಸರಿಯಾಗಿ ಮಾಡೋಣವೆಂದು ಎರಡು ಸ್ಟೀಲ್ ಜಗ್ಗು ಹಿಡಿದು ಬಾಲ್ಕನಿಗೆ ಬಂದರು. ಮೊದಲ ಸಲ ಮೊಳದುದ್ದ ಬಂತು. ಕೆಳಗೆ ನಿಂತಿದ್ದ ಗಂಗಾಧರಯ್ಯನವರಿಗೆ ಸಮಾಧಾನವಾಗಲಿಲ್ಲ.

"ಎತ್ತಿ ಸೋಮಲಿಂಗಪ್ಪನವ್ರೇ! ಇನ್ನೂ ಎತ್ತಿ! ನೊರೆ ಬರಬೇಕಾದ್ರೆ ಎತ್ತರ ಮುಖ್ಯ. ಕೈ ಆಚೆಗೆ ಚಾಚಿ!"

ಸೋಮಲಿಂಗಪ್ಪನವರು ಎತ್ತಿದರು, ಆಚೆಗೆ ಚಾಚಿದರು. ಟೀ ಬೆಳ್ಳಿಯ ಸರಿಗೆಯ ಹಾಗೆ ಹೊರಟು, ಕೆಳಗಿನ ಜಗ್ಗನ್ನು ಅಲಕ್ಷಿಸಿ, ಹೆಡ್‌ಮಾಸ್ಟರ ಬೋಳು ತಲೆಯ ಮೇಲೆ ಇಳಿಯಿತು. ಪುಣ್ಯಕ್ಕೆ ಆರಿತ್ತು.

"ಸಕ್ಕರೆ ಜಾಸ್ತಿಯಾಯ್ತು," ಅಂದರು ಗಂಗಾಧರಯ್ಯನವರು ತುಟಿ ಸವರಿಕೊಂಡು. ಬುದ್ಧಿ ಹೇಳುವುದನ್ನು ಅವರು ಯಾವ ಸ್ಥಿತಿಯಲ್ಲೂ ನಿಲ್ಲಿಸುವವರಲ್ಲ.

ರೋಟಿ ಚನಾಯ್ ಒದ್ದೆ ಟವೆಲ್ ಹಿಂಡಿ ಎಸೆದ ಹಾಗೆ ಬಂತು. ಅಕ್ಕ ತಮ್ಮ ಬರುವ ಹೊತ್ತಾಗುತ್ತಿತ್ತು. ಸೋಮಲಿಂಗಪ್ಪನವರು ಅಡುಗೆಮನೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದರು. ಕಪಾಟಿನಲ್ಲಿ ರಾಣೆಬೆನ್ನೂರಿನ ತವರಿನಿಂದ ಬಂದ ರಂಜಕದ ಜಾಡಿ ಕಂಡಿತು. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿದ ಕೆಂಪು ಚಟ್ನಿ, ಜಯದೇವಿಯ ಹೆಮ್ಮೆ. ಅವರು ಬಾಗಿಲ ಕಡೆ ನೋಡಿದರು, ಜಾಡಿಯ ಮುಚ್ಚಳ ತಿರುಗಿಸಿದರು. ಹುರಿದ ಈರುಳ್ಳಿ, ಹುಣಿಸೆರಸ, ಬೆಲ್ಲ ಸೇರಿಸಿ ಎರಡು ಕುದಿ ಬರಿಸಿದರು. ಅದು ಸಂಬಾಲ್ ಆಯಿತು. ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆಯನ್ನು ತ್ರಿಕೋನಾಕಾರಕ್ಕೆ ಕತ್ತರಿಸಿದರು. ಅದು ಆಪಂ ಬಾಲಿಕ್ ಆಯಿತು. ಬಾಳೆಲೆಯ ಮೇಲೆ ಕಾಯಿಹಾಲಿನ ಅನ್ನ ಬೋರಲು ಹಾಕಿ, ಹುರಿದ ಕಡ್ಲೆಬೀಜ, ಸೌತೆಕಾಯಿ ಇಟ್ಟರು. ನೋಡಲು ವಿಡಿಯೋದಲ್ಲಿದ್ದ ಹಾಗೇ ಇತ್ತು.

ಗೌತಮ್ ಗಡ್ಡ ಬಿಟ್ಟ, ಮಿತಭಾಷಿ ಯುವಕ. ಎಲೆಯ ಮುಂದೆ ಕೂತು ಅದನ್ನೇ ದಿಟ್ಟಿಸಿದ. ಬೇರೆ ಸಬ್ಜೆಕ್ಟಿನ ಪ್ರಶ್ನೆಪತ್ರಿಕೆ ಕೈಗೆ ಬಂದ ವಿದ್ಯಾರ್ಥಿಯ ಮುಖ. 'ಮುಗೀತು, ಕಂಡುಹಿಡಿದ' ಅಂದುಕೊಂಡರು ಸೋಮಲಿಂಗಪ್ಪನವರು. ಎಲ್ಲರೂ ಕೈ ಕಟ್ಟಿಕೊಂಡು ಅವನ ಬಾಯನ್ನೇ ನೋಡುತ್ತಿದ್ದರು. ಗೌತಮ್ ಒಂದು ತುತ್ತು ತಿಂದ. ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ತೆರೆದ.

"ಅಂಕಲ್," ಅಂದ, ಗದ್ಗದ ಕಂಠದಲ್ಲಿ. "ಇದು ಅದೇ. ಅಲ್ಲಿನ ಬೀದಿ ರುಚಿ ಅಂದ್ರೆ ಇದೇ."

ಪಂಕಜಾ ಹೆಮ್ಮೆಯಿಂದ ಸುತ್ತ ನೋಡಿದರು. ವಚನಾ ಫೋಟೋ ತೆಗೆದಳು. ಗಂಗಾಧರಯ್ಯನವರು "ಎಲ್ಲಾ ಕೇದಗೆಯ ಮಹಿಮೆ" ಅಂದರು. ಅನ್ನದಲ್ಲಿ ಕೇದಗೆ ಇರಲೇ ಇಲ್ಲ. ಹೋಳಿಗೆಯ ತ್ರಿಕೋನ ಬಾಯಿಗಿಟ್ಟು ಗೌತಮ್ ಮತ್ತೆ ಕಣ್ಣು ಮುಚ್ಚಿದ. ಜಯದೇವಿ ಕೂಡ ಎರಡನೇ ಸಲ ಬಡಿಸಿಕೊಂಡರು.

"ಚೆನ್ನಾಗಿದೆ ರೀ, ಸುಳ್ಳು ಯಾಕೆ ಹೇಳ್ಲಿ," ಅಂದರು ಸಂಬಾಲ್ ನೆಕ್ಕುತ್ತಾ. "ಆದ್ರೆ ನಮ್ಮ ರಂಜಕದ ಖದರು ಇದಕ್ಕೆ ಬರಲ್ಲ."

"ಅದು ಹೇಗೆ ಬರುತ್ತೆ ಬಿಡು," ಅಂದರು ಸೋಮಲಿಂಗಪ್ಪನವರು ಉದಾರವಾಗಿ.

ಸೋಮಲಿಂಗಪ್ಪನವರು ಕೈ ತೊಳೆಯಲು ಹಿತ್ತಲ ಬಾಲ್ಕನಿಗೆ ಹೋದಾಗ ಗೌತಮ್ ಹಿಂದೆಯೇ ಬಂದ. ಸುತ್ತ ನೋಡಿ ಪಿಸುಗುಟ್ಟಿದ. "ಅಂಕಲ್, ನೀವು ದೊಡ್ಡೋರು, ನಿಮ್ಮ ಹತ್ರ ಮುಚ್ಚಿಡಲ್ಲ. ನಾನು ಅಲ್ಲಿ ಎಂಟು ವರ್ಷ ಇದ್ದಿದ್ದು ನಿಜ. ಆದ್ರೆ ತಿಂದಿದ್ದೆಲ್ಲಾ ಆಫೀಸ್ ಪಕ್ಕದ ಮೆಸ್ಸಲ್ಲಿ, ಇಡ್ಲಿ ಸಾಂಬಾರು. ಅಲ್ಲಿನ ಊಟ ಒಂದಿನಾನೂ ಮುಟ್ಟಿಲ್ಲ. ಅಕ್ಕ ನೋಡಿದ್ರೆ ಊರಿಗೆಲ್ಲ ಎಕ್ಸ್‌ಪರ್ಟ್ ಅಂತ ಸಾರಿಬಿಟ್ಟಿದಾಳೆ. ನೀವು ಏನು ಬಡಿಸಿದ್ರೂ ಹೌದು ಅನ್ನೋಣ ಅಂತಾನೇ ಬಂದೆ. ಯಾರಿಗೂ ಹೇಳ್ಬೇಡಿ."

ಸೋಮಲಿಂಗಪ್ಪನವರಿಗೆ ಒಂದು ಕ್ಷಣ ಹುಡುಗನನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಲಿಲ್ಲ. ಅವನ ಹೆಗಲ ಮೇಲೆ ಒದ್ದೆ ಕೈ ಇಟ್ಟರು. "ಹೇಳಲ್ಲಪ್ಪ. ಆದ್ರೆ ಈ ವಯಸ್ಸಿನಲ್ಲಿ ನಾಲಿಗೆನ ಹೀಗೆ ಒಣಗಿಸಬಾರದು. ಹೊರದೇಶಕ್ಕೆ ಹೋದ್ಮೇಲೆ ಧೈರ್ಯವಾಗಿ ತಿನ್ನಬೇಕು. ನನ್ನ ನೋಡು."

ಗೌತಮ್ ತಲೆ ತಗ್ಗಿಸಿದ. ಇಬ್ಬರೂ ಹಾಲಿಗೆ ಬಂದರೆ ಅಲ್ಲಿ ಮದುವೆ ಮಾತುಕತೆ ಮುಗಿದಂಥ ಗದ್ದಲ.

"ರೀ, ನಿಶ್ಚಯ ಆಯ್ತು!" ಅಂದರು ಜಯದೇವಿ. ಅವರ ಮುಖ ಅಷ್ಟು ಅರಳಿದ್ದನ್ನು ಸೋಮಲಿಂಗಪ್ಪನವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. "ದಸರಾ ರಜಕ್ಕೆ ಎಲ್ಲಾರೂ ಮಲೇಷ್ಯಾಗೆ ಹೋಗ್ತಿದೀವಿ. ನಾನು, ವಚನಾ, ಪಂಕಜಾ ಮನೆಯೋರು, ಮೇಷ್ಟ್ರು ದಂಪತಿ. ಇಲ್ಲೇ ಇಷ್ಟು ಚೆನ್ನಾಗಿದ್ರೆ ಅಲ್ಲಿ ಇನ್ನೆಷ್ಟು ಚೆನ್ನಾಗಿರಬೇಡ!"

"ಯಾವ... ಯಾವ ಟೂರಿನಲ್ಲಿ?"

"ಟೂರು ಯಾಕ್ರೀ? ನೀವೇ ಇದೀರಲ್ಲ. ಎಲ್ಲಿ ಏನು ತಿನ್ನಬೇಕು, ಯಾವುದರಲ್ಲಿ ಮೀನಿಲ್ಲ, ಎಲ್ಲಾ ಗೊತ್ತಿರೋರು. ಮೂರು ಹೊತ್ತೂ ಅಲ್ಲಿನ ಊಟಾನೇ. ಅವಲಕ್ಕಿ ಪೊಟ್ಟಣ ಕೂಡ ತರಕೂಡದು ಅಂತ ಮಾತಾಗಿದೆ."

"ಗ್ರೂಪಿನಲ್ಲಿ ಹಾಕಿಯೂ ಆಯ್ತು," ಅಂದರು ಗಂಗಾಧರಯ್ಯನವರು ಫೋನು ತೋರಿಸಿ. "ಪಕ್ಕದ ಕಟ್ಟಡದೋರೂ ಬರ್ತಾರಂತೆ."

"ಗೌತಮ್, ನೀನೂ ಬಾರೋ," ಅಂದರು ಪಂಕಜಾ. "ಅಂಕಲ್‌ಗೆ ಜೊತೆಯಾಗುತ್ತೆ."

ಸೋಮಲಿಂಗಪ್ಪನವರು ಗೌತಮನನ್ನು ನೋಡಿದರು. ಮುಳುಗುವವನು ದೋಣಿಯನ್ನು ನೋಡುವ ನೋಟ.

"ನಾನ್ಯಾಕಕ್ಕ?" ಅಂದ ಗೌತಮ್ ಚಪ್ಪಲಿ ಹುಡುಕುತ್ತಾ. "ಊಟದ ವಿಷಯದಲ್ಲಿ ಅಂಕಲ್ ನನಗಿಂತ ನೂರು ಪಾಲು ಮೇಲು. ಇವರೊಬ್ರಿದ್ರೆ ಸಾಕು." ನಮಸ್ಕಾರ ಮಾಡಿ ಹೊರಟೇಬಿಟ್ಟ.

ಸೋಮಲಿಂಗಪ್ಪನವರು ಹೆಂಡತಿಯ ಮುಖ ಇನ್ನೊಮ್ಮೆ ನೋಡಿದರು. ಅದನ್ನು ಬಾಡಿಸುವ ಶಕ್ತಿ ಅವರಿಗಿರಲಿಲ್ಲ. ಬರಿಗಾಲಲ್ಲೇ ಓಡಿಹೋಗಿ, ಮೆಟ್ಟಿಲು ಹತ್ತುತ್ತಿದ್ದ ಗೌತಮನ ತೋಳು ಹಿಡಿದರು.

"ಏ ಗೌತಮ್, ನಿಂತ್ಕೊಳ್ಳೋ! ಹಾಳಾಗಿ ಹೋಗ್ಲಿ, ನಾನೂ ಅಲ್ಲಿ ಏನೂ ತಿಂದಿಲ್ಲ ಕಣೋ. ಆ ಮೆಸ್ಸಿನ ವಿಳಾಸ ಕೊಡು. ಎಲ್ಲಾರನ್ನೂ ಅಲ್ಲೇ ಕೂರಿಸಿ, ಇಡ್ಲಿನೇ ಅಲ್ಲಿನ ವಿಶೇಷ ಅಂತ ತಿನ್ನಿಸಿ ಕರ್ಕೊಂಡು ಬರ್ತೀನಿ."

ಗೌತಮ್ ಅವರನ್ನು ಕನಿಕರದಿಂದ ನೋಡಿದ.

"ಅದು ಮುಚ್ಚಿಹೋಯ್ತು ಅಂಕಲ್. ಅದಕ್ಕೇ ಅಲ್ವಾ ನಾನು ಕೆಲಸ ಬಿಟ್ಟು ವಾಪಸ್ ಬಂದಿದ್ದು."